ಮೈಕು ಸರಿಯಾಗಿಯೇ ಇತ್ತು

ಮೈಕು ಕೆಟ್ಟಿರಲಿಲ್ಲ, ಭಾಗ್ಯ. ನಿಮ್ಮಪ್ಪನಿಗೆ ನಾನು ಹೇಳಿದ್ದು ಸುಳ್ಳು. ಅದು ನಿನಗೂ ಗೊತ್ತಿತ್ತು — ಆದರೂ ನಿನ್ನ ಕನ್ನಡ ಮಿಸ್ಸಾದ ನನಗೆ ಅದನ್ನು ಒಪ್ಪಿಕೊಳ್ಳಲು ಇಷ್ಟು ವರ್ಷ ಬೇಕಾಯಿತು.

ನಿಮ್ಮನ್ನೆಲ್ಲ ರಂಗಮಂದಿರಕ್ಕೆ ಕರೆದುಕೊಂಡು ಹೋದ ಆ ದಿನ ಏನೇನು ಕೆಡಬಹುದೆಂದು ನಾನು ಯೋಚಿಸಿರಲಿಲ್ಲ ಹೇಳು! ದೊಡ್ಡಬಳ್ಳಾಪುರದಿಂದ ಹೊರಟ ಬಸ್ಸು ಯಲಹಂಕದಲ್ಲೇ ಕೆಟ್ಟು ನಿಲ್ಲಬಹುದು, ಮೆಜೆಸ್ಟಿಕ್‌ನಲ್ಲಿ ಒಂದು ಮಗು ತಪ್ಪಿಸಿಕೊಳ್ಳಬಹುದು, ಚಿತ್ರಾನ್ನ ಹಳಸಬಹುದು, ನಾಟಕದ ನಡುವೆ ಯಾರಾದರೂ ಗೊರಕೆ ಹೊಡೆಯಬಹುದು. ಚೀಲದಲ್ಲಿ ನಿಂಬೆಹಣ್ಣು, ಪಿನ್ನು, ವಾಂತಿಗೆ ಕವರು — ಮಕ್ಕಳಿಂದ ಕವಿತೆ ಹೇಳಿಸಲು ಹೊರಟವಳಲ್ಲ, ಪ್ರವಾಹ ಪರಿಹಾರಕ್ಕೆ ಹೊರಟವಳ ಹಾಗಿದ್ದೆ.

ನೀವೆಲ್ಲ ತರಗತಿಯ ಚುರುಕು ಮಕ್ಕಳು. ಪುಸ್ತಕದ ಪದ್ಯಗಳು ಬಾಯಿಪಾಠ. ಆದರೆ ಕವಿತೆಯನ್ನು ವೇದಿಕೆಯ ಮೇಲೆ ನಿಂತು ಹೇಳುವುದನ್ನು ಒಬ್ಬರೂ ಕಂಡಿರಲಿಲ್ಲ. ಬೆಳಿಗ್ಗೆ ನಾಟಕ ನೋಡುವುದು, ಮಧ್ಯಾಹ್ನ ನೀವೇ ಬರೆದದ್ದನ್ನು ಅದೇ ವೇದಿಕೆಯಲ್ಲಿ ಹೇಳುವುದು. “ಚೆನ್ನಾಗಿ ಹೇಳುದ್ರೆ ರಜೇಲಿ ನಾಟಕದ ಶಿಬಿರಕ್ಕೂ ಕಳಿಸ್ತೀನಿ ಮೇಡಂ!” ಎಂದಿದ್ದರು ನಿಮ್ಮಪ್ಪ, ಮಗ್ಗದ ಸದ್ದಿನ ಮೇಲೆ ಕೂಗಿ. ನಿಮ್ಮ ಮನೆಯಲ್ಲಿ ಎಲ್ಲರದೂ ಅದೇ ದನಿ. ಪವರ್‌ಲೂಮುಗಳು ಓಡುವಾಗ ಕೂಗದಿದ್ದರೆ ಊಟಕ್ಕೆ ಕರೆದದ್ದೂ ಕೇಳಿಸುವುದಿಲ್ಲ.

ನಿನ್ನ ಕವಿತೆಯೂ ಅದೇ — ಮಗ್ಗಗಳ ಆಚೆ ಅಮ್ಮ, ಈಚೆ ಮಗಳು. ಕೊನೆಯಲ್ಲಿ ಮಗಳು ಕೂಗಬೇಕು: “ಅಮ್ಮಾ, ಕೇಳುಸ್ತಾ?” ಶಾಲೆಯಲ್ಲಿ ನೀನು ಹಾಗೆ ಕೂಗಿದಾಗ ಗಣಿತದ ಮೇಷ್ಟ್ರು ಏನಾಯಿತೋ ಎಂದು ಓಡಿಬಂದಿದ್ದರು.

ನಾಟಕ ಮುಗಿದಾಗ ನೀನು ನಟಿಯತ್ತ ಕೈ ತೋರಿಸುತ್ತ ಎದ್ದು ಕುಣಿದೆ. “ಮಿಸ್, ಅಯಮ್ಮ ಪಿಸುಗುಟ್ಟಿದ್ರೂ ಇಲ್ಲೀಗಂಟ ಕೇಳುಸ್ತು ಮಿಸ್!” ಇಡೀ ಸಭಾಂಗಣ ತಿರುಗಿ ನೋಡಿತು. ಮುಂದಿನ ಸಾಲಿನ ಹುಡುಗನೊಬ್ಬ, “ಗುರು, ಇವ್ಳ ವಾಲ್ಯೂಮ್ ಕಮ್ಮಿ ಮಾಡ್ರೋ” ಎಂದ. ನೀನೂ ನಕ್ಕೆ. ನಾನು ನಗಲಿಲ್ಲ. ನಾಚಿಕೆಯಾಗಿತ್ತು — ನಿನ್ನ ಬಗ್ಗೆ ಎಂದುಕೊಂಡಿದ್ದೆ. ಅಲ್ಲ, ಆ ಸಭಾಂಗಣದವರು ನನ್ನನ್ನು ಏನೆಂದುಕೊಂಡಾರೋ ಎಂದು.

ನಿನ್ನ ಹೆಸರು ಕರೆದಾಗ ನಾನು ನಿನ್ನ ಭುಜ ಹಿಡಿದು ಹೇಳಿದೆ: “ಇದು ನಿಮ್ಮನೆ ಮಗ್ಗದ ಶೆಡ್ಡಲ್ಲ ಕಣೇ. ಮೆಲ್ಲಗೆ ಹೇಳು.”

ನೀನು ಮೆಲ್ಲಗೆ ಹೇಳಿದೆ, ಮೈಕಿನಿಂದ ದೂರವೇ ನಿಂತು. ನಿನ್ನ ದನಿಗೆ ಅದು ಬೇಕಾಗದೆಂದು, ಮೈಕಿನ ಮುಂದೆ ನಿಲ್ಲುವುದನ್ನು ನಾನು ಹೇಳಿಕೊಟ್ಟಿರಲೇ ಇಲ್ಲ. ಹಿಂದಿನಿಂದ ಯಾರೋ “ಜೋರಾಗಿ!” ಎಂದರು. ನೀನು ನನ್ನ ಕಡೆ ನೋಡಿದೆ. ಕೂಗು ಎಂದು ಒಂದು ಸನ್ನೆ ಮಾಡಿದ್ದರೆ ಸಾಕಿತ್ತು — ನಾನು ತಲೆ ತಗ್ಗಿಸಿ ಚೀಲದ ಜಿಪ್ಪು ಎಳೆಯುತ್ತ ಕೂತೆ. “ಅಮ್ಮಾ, ಕೇಳುಸ್ತಾ” ಮೊದಲ ಸಾಲನ್ನೂ ತಲುಪಲಿಲ್ಲ.

ಸಂಜೆ ನಿಮ್ಮಪ್ಪ ಮಗ್ಗ ನಿಲ್ಲಿಸಿ ಕೇಳಿದರು: “ಹೆಂಗಾಯ್ತು ಮೇಡಂ?”

“ಮೈಕು ಕೈಕೊಡ್ತು,” ಎಂದೆ ನಾನು.

ನೀನು ನನ್ನ ಮುಖ ನೋಡಿದೆ. “ಹೂಂ ಅಪ್ಪ, ಮೈಕೇ ಸರಿಯಿರ್ಲಿಲ್ಲ.”

ಶಿಬಿರ ಬೇಡವೆಂದು ನೀನೇ ಹೇಳಿದೆಯಂತೆ.

ಮೊನ್ನೆ ಸೀರೆ ಅಂಗಡಿಯಲ್ಲಿ ನೀನು ಸೀರೆ ಮಡಿಸುತ್ತ ಏನೋ ಕೇಳಿದೆ. “ಏನಮ್ಮಾ?” ಎಂದು ನಾನು ಮುಂದಕ್ಕೆ ಬಗ್ಗಬೇಕಾಯಿತು. ನೀನು ಮತ್ತೆ ಹೇಳಿದೆ: “ಚೆನ್ನಾಗಿದೀರಾ ಮಿಸ್?”

ಆ ದಿನ ಬಸ್ಸು ಕೆಡಲಿಲ್ಲ. ಯಾರೂ ತಪ್ಪಿಸಿಕೊಳ್ಳಲಿಲ್ಲ. ಚಿತ್ರಾನ್ನ ಹಳಸಲಿಲ್ಲ. ನೀನು ಮೆಲ್ಲಗೆ ಮಾತಾಡಿದೆ — ಅಷ್ಟೇ.