ಕುಸುಬಿ ಎಣ್ಣೆ ಕುಡಿದ ಸೈಕಲ್

ಆ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ಯಾರೂ ಒಂದು ಕಡೆ ನೆಟ್ಟಗೆ ಕೂತದ್ದು ನನಗೆ ನೆನಪಿಲ್ಲ. ನಲವತ್ತೇಳು ಮುಗಿದು ನಲವತ್ತೆಂಟು ಹತ್ತುವ ಹೊತ್ತು. ಗಡಿಯ ಆಚೆ ಸ್ವಾತಂತ್ರ್ಯ ಬಂದು ನಾಲ್ಕೈದು ತಿಂಗಳಾಗಿತ್ತು. ಈಚೆ, ನಿಜಾಮರ ರಾಜ್ಯದಲ್ಲಿದ್ದ ನಮ್ಮ ಆಳಂದದಲ್ಲಿ, ನಾಳೆ ಏನು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಬೆಳಗಾದರೆ ಹಿರೋಳ್ಳಿಯ ದಾರಿ ಹಿಡಿದು ಗಾಡಿಗಳು ಗಡಿಯ ಕಡೆ ಹೊರಡುತ್ತಿದ್ದವು. ಮೇಲೆ ಹಾಸಿಗೆ, ಹಿತ್ತಾಳೆ ಕೊಡ, ಕಾಲು ಕಟ್ಟಿದ ಕೋಳಿ. ಅಪ್ಪ ಒಂದು ದಿನ "ನಾವೂ ಹೋಗೋಣು" ಅನ್ನುತ್ತಿದ್ದ. ಮರುದಿನ ಹೊಲಕ್ಕೆ ಹೋಗಿ ಬಂದು "ಜ್ವಾಳ ತೆನಿ ಹಿಡದದ, ಬಿಟ್ಟು ಎಲ್ಲಿಗಿ ಹೋಗೋದು?" ಅನ್ನುತ್ತಿದ್ದ. ಅವ್ವ ಅವನ ಮಾತಿಗೆ ತಕ್ಕಂತೆ ಗಂಟು ಕಟ್ಟುವಳು, ಬಿಚ್ಚುವಳು.

ಆದರೆ ನಮ್ಮ ಮನೆಯ ನಿಜವಾದ ತಳಮಳ ಅಕ್ಕನದು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು, ಈಗ ಏಳನೆಯ ತಿಂಗಳು. ಭಾವ ಜೇವರ್ಗಿಯಲ್ಲಿ ಮಾಸ್ತರ. ದಸರೆಯ ಹೊತ್ತಿಗೆ ಅವಳನ್ನು ಗಾಡಿಯಲ್ಲಿ ಕೂಡ್ರಿಸಿ, ತಾನು ಪಕ್ಕದಲ್ಲಿ ಸೈಕಲ್ ಹೊಡೆಯುತ್ತ ಕರೆತಂದಿದ್ದ. ನಮ್ಮ ಊರು ಮುಟ್ಟುವಾಗ ಮುಂದಿನ ಟೈರು ಬಾಯಿಬಿಟ್ಟಿತು. ಯುದ್ಧ ಮುಗಿದರೂ ಹೊಸ ಟೈರು ಸುಲಭಕ್ಕೆ ಸಿಗದ ಕಾಲ. ಸೈಕಲ್ಲನ್ನು ನಮ್ಮ ಪಡಸಾಲೆಯಲ್ಲಿ ನಿಲ್ಲಿಸಿ, ತಾನು ಮೋಟಾರಿನಲ್ಲಿ ತಿರುಗಿ ಹೋದ.

ಹೋದವನು ವಾರಕ್ಕೊಂದು ಕಾರ್ಡು ಬರೆಯುತ್ತಿದ್ದ. ಅವನ ಅಕ್ಷರ ನೋಡಲು ನೆರೆಹೊರೆಯವರು ಬರುತ್ತಿದ್ದರು ಎಂದರೆ ನಂಬಬೇಕು. ಜೋಳದ ತೆನೆಯ ಕಾಳು ಕೂಡಿಸಿಟ್ಟ ಹಾಗೆ ಒಂದೇ ಅಳತೆ, ಒಂದೇ ಸಾಲು. ಕಡೆಯ ಕಾರ್ಡಿನ ಕಡೆಯ ಸಾಲು ಹೀಗಿತ್ತು: "ಚಳಿಗಾಲದ ಇಬ್ಬನಿಗೆ ಸೈಕಲ್ಲು ತುಕ್ಕು ಹಿಡಿದೀತು, ಎಣ್ಣೆ ಹಾಕುತ್ತಿರುವುದು." ಅದಾದ ಮೇಲೆ ಐದು ವಾರ ಕಾರ್ಡಿಲ್ಲ. ಅಂಚೆಯವನು ನಮ್ಮ ಮನೆಯ ಮುಂದೆ ಬಂದರೆ ಅಕ್ಕನ ಮುಖ ನೋಡಲಾರದೆ ತಲೆ ತಗ್ಗಿಸಿ ಹೋಗತೊಡಗಿದ.

ಸೈಕಲ್ಲಿಗೆ ಎಣ್ಣೆ ಮಾತ್ರ ಬೀಳುತ್ತಿತ್ತು. ದಿನಾ ಸಂಜೆ ದೀಪ ಹಚ್ಚುವ ಮೊದಲು ಅಕ್ಕ ಒಂದು ಚಮಚ ಹಿಡಿದು ಸೈಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂಡ್ರುತ್ತಿದ್ದಳು, ಹೊಟ್ಟೆ ಅಡ್ಡ ಬಂದರೂ. ಸರಪಳಿಗೆ, ಚಕ್ರದ ನಡುವಿನ ತೂತಿಗೆ, ಪೆಡಲಿಗೆ, ಎಲ್ಲೆಲ್ಲಿ ಕಬ್ಬಿಣ ಕಬ್ಬಿಣಕ್ಕೆ ತಾಗುತ್ತದೋ ಅಲ್ಲೆಲ್ಲ. ಅಡಿಗೆಮನೆಯ ಕುಸುಬಿ ಎಣ್ಣೆ. ಗಾಣದಿಂದ ಹೊಸದಾಗಿ ಬಂದದ್ದು, ಮನೆಯಲ್ಲಿದ್ದುದರಲ್ಲಿ ಒಳ್ಳೆಯದು. ಗಾಡಿಯ ಅಚ್ಚಿಗೆ ಅಪ್ಪ ಬಳಿಯುವ ಔಡಲ ಎಣ್ಣೆ, ಅಂದರೆ ಹರಳೆಣ್ಣೆ, ಮೂಲೆಯಲ್ಲೇ ಇತ್ತು. ಆ ಕಪ್ಪು ಹೊಲಸನ್ನು ಗಂಡನ ಸೈಕಲ್ಲಿಗೆ ಹಾಕಲು ಅವಳಿಗೆ ಮನಸ್ಸಾಗಲಿಲ್ಲ. ನಾನೂ ನೋಡುತ್ತ ಇದ್ದೆ. ಒಳ್ಳೆಯ ಎಣ್ಣೆ, ಒಳ್ಳೆಯದೇ ಆದೀತು ಅಂದುಕೊಂಡೆ.

ಅಕ್ಕ ಊಟ ಬಿಡತೊಡಗಿದಾಗ ನಾನು ಹೋಗಿ ಬರುತ್ತೇನೆ ಅಂದೆ. ನನಗೆ ಆಗ ಹತ್ತೊಂಬತ್ತು. ಟೈರಿನ ಸೀಳಿಗೆ ಒಳಗಿನಿಂದ ಹಳೆಯ ಟೈರಿನ ತುಂಡು ಕೊಟ್ಟು ಹೊಲಿಸಿದೆ. ಎರೆಮಣ್ಣಿನ ದಾರಿಯಲ್ಲಿ ಮಳೆ ಬಂದರೆ ಮಡ್‌ಗಾರ್ಡಿನೊಳಗೆ ಕೆಸರು ತುಂಬಿ ಚಕ್ರ ಕಚ್ಚಿಕೊಳ್ಳುತ್ತದೆ; ಎರಡನ್ನೂ ಬಿಚ್ಚಿಟ್ಟೆ. ಹ್ಯಾಂಡಲಿನ ಕಬ್ಬಿಣ ಬೆಳಗಿನ ಚಳಿಗೆ ಅಂಗೈ ಸುಡುತ್ತದೆಂದು ಅಕ್ಕ ತನ್ನ ಹಳೆಯ ಸೀರೆಯ ಅಂಚು ಹರಿದು ಸುತ್ತಿದಳು. ಸುತ್ತುತ್ತ ಸುತ್ತುತ್ತ ಅಂದಳು:

"ಲೇ ತಮ್ಮಾ, ಬಾಯಿಮಾತ ತರಬ್ಯಾಡ. ಬಸುರಿಗಿ ಯಾರೂ ಖರೇ ಹೇಳಂಗಿಲ್ಲ, ನನಗ ಗೊತ್ತದ. ಓಣ್ಯಾಗಿನವರೆಲ್ಲಾ ನನ್ನ ಮುಂದ ಸಿಹಿ ಸುಳ್ಳ ಹೇಳಾಕತ್ತಾರ. ನೀನೂ ಅದನ್ನೇ ತಂದಿ ಅಂದ್ರ ನಾ ನಂಬಂಗಿಲ್ಲ."

"ಮತ್ತೇನ್ ತರ್ಲಿ ಯಕ್ಕಾ?"

"ಅವರ ಕೈಲೆ ಬರದದ್ದು ತಾ. ಒಂದ ಸಾಲಾದ್ರೂ."

ಹೊರಟ ದಿನ ಮುಗಿಲು ಬೂದಿ ಬಳಿದ ಹಾಗಿತ್ತು. ಸುಗ್ಗಿಗೆ ಮೊದಲು ಬರಬಾರದ ಮಳೆ, ನಮ್ಮ ಕಡೆ ಅಡ್ಡಮಳೆ ಅನ್ನುತ್ತೇವೆ, ಎಲ್ಲೋ ಹೊಂಚು ಹಾಕಿತ್ತು. ಊರು ದಾಟಿ ಎರಡು ಗಂಟೆಯಾಗಿರಲಿಲ್ಲ, ಹನಿ ಶುರುವಾಯಿತು. ಎರೆಮಣ್ಣಿಗೆ ಒಂದು ಗುಣ: ಒಣಗಿದರೆ ಕಲ್ಲು, ನೆನೆದರೆ ಸಾಲ ಕೊಟ್ಟವನಿಗಿಂತ ಗಟ್ಟಿ ಹಿಡಿಯುತ್ತದೆ. ಹತ್ತು ಮಾರು ತುಳಿ, ಇಳಿ, ಜಾಲಿಯ ಕಡ್ಡಿಯಿಂದ ಚಕ್ರದ ಸಂದಿಯ ಮಣ್ಣು ಕೆತ್ತು, ಮತ್ತೆ ಹತ್ತು. ಜಾಲಿಯ ಮುಳ್ಳಿಗೆ ಒಂದು ಪಂಚರ್ ಆಯಿತು; ಕಡಲೆ ಹೊಲದ ಬದುವಿನಲ್ಲಿ ಕೂತು, ಉಸಿರಿನಿಂದ ಬೆರಳು ಬಿಸಿ ಮಾಡಿಕೊಳ್ಳುತ್ತ ಟ್ಯೂಬಿಗೆ ತೇಪೆ ಹಾಕಿದೆ. ಕೈ ಕೆಲಸ ಮಾಡುವಷ್ಟು ಹೊತ್ತು ಪರವಾಗಿರಲಿಲ್ಲ. ಸುಮ್ಮನೆ ತುಳಿಯುವಾಗ ಮಾತ್ರ ಮನಸ್ಸು ಮುಂದೆ ಓಡಿ ಜೇವರ್ಗಿಯ ಆ ಮನೆಯ ಬಾಗಿಲು ನೂರು ಸಲ ತೆರೆದು, ನೂರು ಸಲ ಬೇರೆ ಬೇರೆ ಸುದ್ದಿ ಕೇಳುತ್ತಿತ್ತು.

ಚೌಡಾಪುರ ದಾಟಿದ ಮೇಲೆ ವಿಚಿತ್ರವಾಯಿತು. ಪೆಡಲು ತುಳಿದರೆ ಸರಪಳಿ ತಿರುಗುತ್ತದೆ, ಚಕ್ರ ತಿರುಗುವುದಿಲ್ಲ. ಗಾಳಿಯಲ್ಲಿ ಕಾಲಾಡಿಸಿದ ಹಾಗೆ. ಇಳಿದು ನೋಡಿದೆ, ಬಡಿದೆ, ಅಲುಗಾಡಿಸಿದೆ. ಒಂದೆರಡು ಸುತ್ತು ಹಿಡಿಯುವುದು, ಮತ್ತೆ ಬಿಡುವುದು. ಕಡೆಗೆ ತಳ್ಳಿಕೊಂಡೇ ಅಫಜಲಪುರ ಮುಟ್ಟಿದೆ.

ಅಲ್ಲಿ ಪೇಟೆಯಲ್ಲಿ ಒಬ್ಬ ಸೈಕಲ್ ಮಿಸ್ತ್ರಿ, ಬಿಳಿ ಗಡ್ಡದ ಸಾಹೇಬರು. ಅಂಗಡಿಯೆಂದರೆ ಒಂದು ಗೋಣಿತಟ್ಟು, ಒಂದು ಬೇವಿನ ಮರ. ನನ್ನನ್ನು ಮೇಲೆ ಕೆಳಗೆ ನೋಡಿದರು.

"ಎಲ್ಲಿಂದ ಬಂದ್ರಿ?"

"ಆಳಂದದಿಂದ್ರಿ. ಜೇವರ್ಗಿಗಿ ಹೋಗಬೇಕ್ರಿ."

"ಈ ದಿನಮಾನದಾಗ, ಈ ಮಳ್ಯಾಗ? ಲಗ್ನ ಗಿಗ್ನ ಗೊತ್ತಾಗ್ಯಾದೇನು?" ಅನ್ನುತ್ತಲೇ ಹಿಂದಿನ ಚಕ್ರ ಬಿಚ್ಚಿ, ಹಲ್ಲಿನ ಗಾಲಿ ತೆರೆದರು. ಅದರೊಳಗೆ ಎರಡು ಸಣ್ಣ ಕಬ್ಬಿಣದ ಚಿಲಕಗಳಿರುತ್ತವೆ. ಅವು ಎದ್ದು ಹಲ್ಲಿಗೆ ಕಚ್ಚಿದರೆ ಚಕ್ರ ತಿರುಗುತ್ತದೆ. ಮಿಸ್ತ್ರಿಗಳು ಅವನ್ನು ನಾಯಿ ಅನ್ನುತ್ತಾರೆ. ಸಾಹೇಬರು ಬೆರಳಿನಿಂದ ಮುಟ್ಟಿದರು. ಬೆಲ್ಲದ ಪಾಕದ ಹಾಗೆ ಕಂದು ಅಂಟು ಎಳೆಎಳೆಯಾಗಿ ಬಂತು. ಮೂಸಿ ನೋಡಿ ನಕ್ಕರು.

"ನಿಮ್ಮ ನಾಯಿ ಉಂಡು ಮಲಗ್ಯಾವ್ರಿ! ಇದಕ ಒಗ್ಗರಣಿ ಎಣ್ಣಿ ಯಾರ್ ಹಾಕ್ಯಾರ?"

"ನಮ್ಮಕ್ಕ ಹಾಕ್ಯಾಳ್ರಿ. ದಿನಾ."

"ದಿನಾ!" ಅವರು ಬೇವಿನ ಮರಕ್ಕೇ ಹೇಳುವವರ ಹಾಗೆ ಕೂಗಿದರು. "ಕುಸುಬಿ ಎಣ್ಣಿ ಗಾಳಿಗಿ ಒಣಗಿ ಅಂಟಾಗ್ತದರಿ. ಬಾವಿ ನೀರೆತ್ತೋ ತೊಗಲಿನ ಚೀಲಕ್ಕ ಬಳದ್ರ ನೀರ ಸೋರಂಗಿಲ್ಲ, ಅಷ್ಟ್ ಚಲೋ. ಕಬ್ಬಣಕ್ಕ ಹಾಕಿದ್ರ ಲಗಾಮ ಹಾಕಿದಂಗ. ಮ್ಯಾಲ ಈ ಥಂಡಿ ಬ್ಯಾರೆ."

ನಾನು ಯಾಕೆ ಹಾಕಿದಳೆಂದು ಹೇಳಿದೆ. ಕಡೆಯ ಕಾರ್ಡಿನ ಕಡೆಯ ಸಾಲನ್ನೂ, ನಾನು ಭಾವನ ಕೈಬರಹದ ಕಾಗದ ತರಲು ಹೊರಟದ್ದನ್ನೂ ಹೇಳಿದೆ. ನಗು ನಿಂತಿತು. ಚಿಮಣಿ ಎಣ್ಣೆ ಕಂಟ್ರೋಲಿನಲ್ಲಿ ಸಿಗುವ ದಿನಗಳು. ಅವರು ಎದ್ದು ಹೋಗಿ ತಮ್ಮ ಮನೆಯ ದೀಪದಲ್ಲಿದ್ದುದನ್ನೇ ಬಟ್ಟಲಿಗೆ ಬಗ್ಗಿಸಿ ತಂದು, ನಾಯಿಗಳನ್ನು ಅದರಲ್ಲಿ ಮುಳುಗಿಸಿ, ಕೋಳಿಯ ಪುಕ್ಕದಿಂದ ತಿಕ್ಕಿ ತಿಕ್ಕಿ ತೊಳೆದರು. ನಾನು ಬೇಡವೆಂದೆ. "ಹೊತ್ತ ಮುಳುಗಿದ ಕೂಡಲೇ ಮಲಗಿದ್ರ ನಮಗೇನೂ ಆಗಂಗಿಲ್ಲ" ಅಂದರು. ಚಕ್ರ ಜೋಡಿಸಿ ಹಿಂದಕ್ಕೆ ತಿರುವಿದಾಗ ಟಿಕಟಿಕ ಸದ್ದು ಬಂತು. ಹೊರಡುವಾಗ ಹಳೆಯ ಟ್ಯೂಬಿನ ಒಂದು ತುಂಡು ಕೊಟ್ಟರು. "ಕಾಗದ ಸಿಕ್ಕಮ್ಯಾಲ ಇದರಾಗ ಸುತ್ತಿ ಎದಿಗಿ ಇಟ್ಕೊರಿ. ತೋಯಂಗಿಲ್ಲ." ಸಿಗುತ್ತದೆ ಎಂದು ಆವತ್ತು ನನಗೆ ಹೇಳಿದವರು ಅವರೊಬ್ಬರೇ.

ಸೊನ್ನದ ಹತ್ತಿರ ಭೀಮಾ ನದಿ ಕೆಂಪಾಗಿ ಹರಿಯುತ್ತಿತ್ತು. ಹರಿಗೋಲಿನ ಅಂಬಿಗ ಕೆಸರು ಮೆತ್ತಿದ ನಮ್ಮಿಬ್ಬರನ್ನೂ ನೋಡಿ, "ಇದರಾಗ ಸೈಕಲ್ ಯಾವುದ್ರಿ, ನೀವ್ ಯಾರ್ರಿ?" ಅಂದ. ನನಗೆ ನಗು ಬರಲಿಲ್ಲ. ಹರಿಗೋಲು ಸುತ್ತುತ್ತ ಸುತ್ತುತ್ತ ಆಚೆ ದಡಕ್ಕೆ ಹೋಗುವಷ್ಟರಲ್ಲಿ ನಾನು ಮೂರು ಸಲ ಎದ್ದು ನಿಂತೆನಂತೆ. ಅವನು ಮೂರು ಸಲ ಬೈದು ಕೂಡ್ರಿಸಿದ.

ಜೇವರ್ಗಿಯ ಮನೆಯ ಬಾಗಿಲು ತೆರೆದೇ ಇತ್ತು. ಅಂಗಳದಲ್ಲಿ ಭಾವ ನಿಂತಿದ್ದ. ಬಲಗೈ ಮೊಳಕೈಯಿಂದ ಬೆರಳಿನ ತನಕ ಬಿದಿರ ಪಟ್ಟಿಯಲ್ಲಿ, ಕೊರಳಿಗೆ ತೂಗುಬಿಟ್ಟು. ನನ್ನನ್ನು ಕಂಡವನೇ ಬೆಳ್ಳಗಾದ.

"ಆಕಿ ಹ್ಯಾಂಗದಾಳ?"

"ಅದನ್ನ ನಾವು ನಿಮ್ಮನ್ನ ಕೇಳಬೇಕಾಗೇದ್ರಿ!" ಅಂದೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಭಯ ಸಿಟ್ಟಾಗಿ ಒಡೆಯಿತು. ಹಿರಿಯ, ಭಾವ ಅನ್ನುವುದನ್ನೂ ನೋಡದೆ ಕೂಗಾಡಿದೆ.

ಕೆಸರಲ್ಲಿ ಸಿಕ್ಕ ಗಾಡಿಗೆ ಹೆಗಲು ಕೊಡಲು ಹೋಗಿ ಜಾರಿ ಬಿದ್ದು ಮುಂಗೈ ಮುರಿದಿತ್ತು. ಕಟ್ಟು ಬಿಚ್ಚುವ ತನಕ ಊರು ಬಿಡಬೇಡವೆಂದು ಎಲುಬು ಕೂಡಿಸುವವನು ಹೇಳಿದ್ದ. ಈ ಗದ್ದಲದಲ್ಲಿ ಹೊಸಲು ದಾಟಬೇಡವೆಂದು ಅವನ ತಾಯಿ ಹಟ ಹಿಡಿದಿದ್ದಳು. ಅದೆಲ್ಲ ಸರಿ.

"ಮಂದಿ ಇರಲಿಲ್ಲೇನ್ರಿ? ಒಂದ ಕಾರ್ಡ ಬರಸಬೇಕಿಲ್ಲ?"

"ಹುಚ್ಚಪ್ಪ! ಬ್ಯಾರೇದವರ ಕೈಬರಹದ ಕಾಗದ ಮನಿಗಿ ಬಂದ್ರ ಏನಂತ ತಿಳೀತಾರ? ಆಕಿ ಓದಾಕ ಕುಂದ್ರತಿದ್ಲೇನು? ಮೊದಲನೇ ಅಕ್ಷರ ನೋಡೇ ಬಳಿ ಒಡಕೋತಿದ್ಲು."

ಅದು ಸುಳ್ಳಲ್ಲ. ನಮ್ಮ ಕಡೆ ಬರೆಯಬಲ್ಲವನ ಸುದ್ದಿಯನ್ನು ಇನ್ನೊಬ್ಬರು ಬರೆದರೆಂದರೆ ಅವನು ಇಲ್ಲವೆಂದೇ ಅರ್ಥ.

"ಎಡಗೈ?"

ಭಾವ ನೆಲ ನೋಡಿದ. "ಬರದ ನೋಡೀನಿ. ಹತ್ತೋ ಹನ್ನೆರಡೋ ಕಾರ್ಡ ಹರದೀನಿ. ಒಂದನೇ ಇಯತ್ತೆ ಹುಡುಗರೂ ಹಂಗ ಬರಿಯಂಗಿಲ್ಲ. ಅದನ್ನ ನೋಡಿ ಆಕಿ ನಾನೇ ಅಂತ ಹ್ಯಾಂಗ ನಂಬ್ಯಾಳ?"

ನಾನು ಹಟ ಹಿಡಿದೆ. ಮರುದಿನ ಬೆಳಿಗ್ಗೆ ಅವನು ಹೊಸಲ ಮೇಲೆ ಕೂತು ಬರೆಯತೊಡಗಿದ. ಹಲಗೆ ಜಾರದ ಹಾಗೆ ನಾನು ಹಿಡಿದಿದ್ದೆ. ಬರೆಯುವಾಗ ನಾಲಿಗೆ ಹೊರಗೆ ಬರುತ್ತಿತ್ತು, ಹಣೆಯಲ್ಲಿ ಆ ಚಳಿಯಲ್ಲೂ ಬೆವರು. ಅಕ್ಷರಗಳು ಮಳೆಗೆ ಮಲಗಿದ ಜೋಳದ ಹಾಗೆ ಒಂದರ ಮೇಲೊಂದು ಬಿದ್ದವು. ಅವನ ಬೇಸರ ಕಳೆಯಲೆಂದು ನಾನು ಒಗ್ಗರಣೆ ಎಣ್ಣೆಯ ಕತೆ ಹೇಳಿದೆ. ನಕ್ಕು ನಕ್ಕು ಕೈ ನೋವೆದ್ದಿತು. ಕಾಗದದ ಕೊನೆಗೆ ಇನ್ನೊಂದು ಸಾಲು ಸೇರಿಸಿದ.

ಟ್ಯೂಬಿನ ತುಂಡಿನಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡೆ. ಹೋಗುವಾಗ ಸುದ್ದಿ ಸಿಗುತ್ತದೋ ಇಲ್ಲವೋ ಎಂಬ ಚಿಂತೆಯಿತ್ತು. ಬರುವಾಗ ಅದಕ್ಕಿಂತ ಕೆಟ್ಟದ್ದು. ಸುದ್ದಿ ಎದೆಯ ಮೇಲೆಯೇ ಇದೆ, ಅಕ್ಕ ನಂಬದಿದ್ದರೆ? ಯಾವನೋ ಹುಡುಗನಿಂದ ಗೀಚಿಸಿ ತಂದೆ ಅಂದರೆ ನಾನು ಏನು ತೋರಿಸಲಿ? ಆಗಾಗ ತುಳಿಯುವುದು ನಿಲ್ಲಿಸಿ ಹಿಂದಿನ ಚಕ್ರದ ಟಿಕಟಿಕಕ್ಕೆ ಕಿವಿಗೊಡುತ್ತಿದ್ದೆ, ಕೇಳಿದರೆ ಇನ್ನೂ ಜೋರು ತುಳಿಯುತ್ತಿದ್ದೆ. ಅಫಜಲಪುರದಲ್ಲಿ ಮಿಸ್ತ್ರಿ ಸಾಹೇಬರು ದೂರದಿಂದಲೇ ಕೈಯೆತ್ತಿ ಕೇಳಿದರು. ನಾನು ಎದೆ ತಟ್ಟಿ ತೋರಿಸಿ ನಿಲ್ಲದೆ ಹೋದೆ. ಆಮೇಲೆ ಮನಸ್ಸಿಗೆ ಕೆಡುಕೆನಿಸಿತು, ನಿಲ್ಲಬೇಕಿತ್ತು.

ಮನೆ ಮುಟ್ಟಿದಾಗ ಮಧ್ಯಾಹ್ನ. ಅಪ್ಪ ಅಂದು 'ಹೋಗೋಣು' ಅನ್ನುವ ದಿನದಲ್ಲಿದ್ದ, ಗಂಟುಗಳೆಲ್ಲ ಪಡಸಾಲೆಯಲ್ಲಿದ್ದವು. ಅಕ್ಕ ಬಾಗಿಲ ಕಂಬ ಹಿಡಿದು ನಿಂತಿದ್ದಳು. ನಾನು ಒಂದು ಮಾತೂ ಆಡಲಿಲ್ಲ. ಬಾಯಿಮಾತು ಬೇಡ ಅಂದಿದ್ದಳಲ್ಲ. ರಬ್ಬರು ಬಿಚ್ಚಿ ಕಾಗದ ಕೊಟ್ಟೆ.

ಅವಳ ಹೆಗಲ ಮೇಲಿಂದ ಇಣುಕಿದ ಅವ್ವನಿಗೆ ಓದಲು ಬರುವುದಿಲ್ಲ, ಆದರೆ ಅಳಿಯನ ಅಕ್ಷರದ ಚಂದ ಗೊತ್ತು. "ಅಯ್ಯೋ ಶಿವನೆ, ಇದು ಅವರ ಬರಹ ಅಲ್ಲಬೇ ಮಗಳ!" ಎಂದು ಎದೆ ಬಡಿದುಕೊಂಡಳು. ಅಪ್ಪ ನೆಲಕ್ಕೆ ಕೂತುಬಿಟ್ಟ. ಅಕ್ಕ ಓದುತ್ತಲೇ ಇದ್ದಳು. ಎರಡು ಸಾಲಿನ ಕಾಗದಕ್ಕೆ ಅಷ್ಟು ಹೊತ್ತು ಬೇಕೇ?

"ಸುಮ್ಕಿರ್ಬೇ ಅವ್ವಾ," ಅಂದಳು ಅಕ್ಕ. "ಸುಳ್ಳ ಬರಸಾವರು ಚಂದ ಬರಸತಿದ್ರು. ಅವರ ಅಕ್ಷರದ ಕಾರ್ಡ ಇಲ್ಲೇ ಅದಾವ, ನೋಡಿ ತಿದ್ದಿ ತೀಡತಿದ್ರು. ಇಷ್ಟ ಹೊಲಸ ಬರದು ನನಗ ಕಳಸೋ ಧೈರ್ಯ ಅವರೊಬ್ಬರಿಗೇ ಅದ." ಆಮೇಲೆ ಕೊನೆಯ ಸಾಲಿಗೆ ಬಂದಳು. ಹುಬ್ಬು ಮೇಲೆ ಹೋದವು. ಗಟ್ಟಿಯಾಗಿ ಓದಿದಳು: "'ಒಗ್ಗರಣೆಯ ಎಣ್ಣೆ ಒಗ್ಗರಣೆಗೇ ಇರಲಿ. ಅದನ್ನು ಸೈಕಲ್ಲು ಉಣ್ಣುವುದು ಬೇಡ, ನೀನು ಉಣ್ಣುವುದು.'" ನನ್ನ ಕಡೆ ತಿರುಗಿದಳು. "ಲೇ, ಚಾಡಿ ಹೇಳಾಕ ಅಷ್ಟು ದೂರ ಹೋಗಿದ್ದೇನೋ ನೀ?"

ಐದು ವಾರದಲ್ಲಿ ಅವಳ ಬಾಯಿಂದ ಬಂದ ಮೊದಲ ಬೈಗುಳ. ಅವ್ವ ಅಳುತ್ತಲೇ ಗಂಟು ಬಿಚ್ಚಿ ರೊಟ್ಟಿಯ ಹೆಂಚು ಹುಡುಕತೊಡಗಿದಳು.

ಸಂಜೆ, ಉಂಡು ಮಲಗಿದ ನಾಯಿಗಳ ಕತೆಯನ್ನೆಲ್ಲ ಅಕ್ಕನಿಗೆ ಹೇಳಿ ಮುಗಿಸಿ, ನಾನು ಸೈಕಲ್ಲಿಗೆ ಮೆತ್ತಿದ ಮಣ್ಣು ಕೆತ್ತುತ್ತಿದ್ದೆ. ಹೊರಗೆ ಹಿರೋಳ್ಳಿಯ ದಾರಿಗೆ ಇನ್ನೂ ಎರಡು ಗಾಡಿ ತಿರುಗಿದವು. ಅಪ್ಪ ಬಾಗಿಲಲ್ಲಿ ನಿಂತು ಅವನ್ನೇ ನೋಡುತ್ತಿದ್ದ. ಅಕ್ಕ ಮೂಲೆಯಿಂದ ಔಡಲ ಎಣ್ಣೆಯ ಬುಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು, ಮೂಗು ಮುರಿಯುತ್ತ ತಂದು ನನ್ನ ಮುಂದೆ ಕುಕ್ಕಿದಳು.

"ತಗೋ, ನಿನ್ನ ನಾಯಿಗೋಳಿಗಿ ಹಾಕು. ಒಂದೇ ಹನಿ ಹಾಕ್ತೀಯೋ, ಎರಡೋ?"