ಬಡಿಸುವ ಮೊದಲೇ ಉಂಡ ಪೆಟ್ಟಿಗೆ

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು, ಅದೂ ಹಿಂದಿ ಶಾಲೆ. ಮಾತು ತಪ್ಪಿದ್ದರೆ ಕ್ಷಮಿಸಿ. ಕನ್ನಡ ಬರೆಯಲು ಕಲಿಸಿದ ಕೊಟ್ಟೂರಯ್ಯ ಕಾಕಾನ ವಿಷಯ ಬರೆಯುತ್ತಿದ್ದೇನೆ.

ಕಾಶಿಯ ನಮ್ಮ ಮಠದಲ್ಲಿ ಕಾಕಾ ಮೂವತ್ತು ವರ್ಷದಿಂದ ಕರೆಂಟಿನ ಕೆಲಸ ನೋಡುತ್ತಾರೆ. ಮಧ್ಯಾಹ್ನ ದಾಸೋಹದಲ್ಲಿ ಬಡಿಸುತ್ತಾರೆ. ಕೊನೆಯ ಪಂಕ್ತಿ ಎದ್ದ ಮೇಲೆಯೇ ಅವರ ಊಟ. ಅಷ್ಟರಲ್ಲಿ ಪಲ್ಯ ಮುಗಿದಿರುತ್ತದೆ.

ಹೋದ ವರ್ಷ ರಮೇಶ ಎಂಬ ಸಂಶೋಧಕ ನಮ್ಮ ಮಾಳಿಗೆಯ ಮೇಲೆ ಒಂದು ರೇಡಿಯೊ ಪೆಟ್ಟಿಗೆ ಇಟ್ಟ. ಗಂಗೆಯಲ್ಲಿ ಮುಳುಗುವವರನ್ನು ಎತ್ತುವ ನಾವಿಕರ ಸಂಘಕ್ಕೆ ಸರ್ಕಾರ ಲೈಸೆನ್ಸ್ ಕೊಟ್ಟ ರೇಡಿಯೊ ತರಂಗವಿದೆ. ಎತ್ತರದ ಮನೆಗಳು ಅಡ್ಡ ಬಂದು ಅವರ ಕರೆ ಅಸ್ಸಿ ಘಾಟಿನ ದೋಣಿಗಳಿಗೆ ಸರಿಯಾಗಿ ಮುಟ್ಟುತ್ತಿರಲಿಲ್ಲ. ಪೆಟ್ಟಿಗೆ ಆ ಕರೆಯನ್ನು ದಾಟಿಸಬೇಕು. ಅದಕ್ಕೆ ಪ್ರತಿಯಾಗಿ, ಅವರು ಸುಮ್ಮನಿದ್ದಾಗ ರಮೇಶ ಅದೇ ತರಂಗದಲ್ಲಿ ತನ್ನ ಡೇಟಾ ಕಳಿಸಬಹುದು. ಇಬ್ಬರ ಸಂದೇಶಕ್ಕೂ ವೇಗ ಹೆಚ್ಚುತ್ತದೆ.

"ತಿಳೀತ ಬಿಡ್ರಿ. ಮೊದಲ ಬಡಿಸೂದು, ಆಮ್ಯಾಲೆ ಉಣ್ಣೂದು," ಎಂದರು ಕಾಕಾ. ಅಂದಿನಿಂದ ದಿನಾ ಪೆಟ್ಟಿಗೆಯ ಮೇಲಿನ ಪಾರಿವಾಳದ ಹಿಕ್ಕೆ, ಮಂಗಗಳ ಹೊಲಸು ತೊಳೆದರು. ಕರೆ ದಾಟುವಾಗ ಹಸಿರು ದೀಪ, ರಮೇಶನ ಡೇಟಾಕ್ಕೆ ಹಳದಿ.

ಮೊನ್ನೆ ಸೋಮವಾರ ರಮೇಶನ ಮೇಲಿನ ದೊಡ್ಡ ಸಾಹೇಬರು ಪೆಟ್ಟಿಗೆ ನೋಡಲು ಬಂದರು. ರಮೇಶನ ಲ್ಯಾಪ್‌ಟಾಪಿನಲ್ಲಿ ವೇಗದ ಅಂಕಿ ಏರುತ್ತಲೇ ಇತ್ತು. ನಾನೂ ಚಪ್ಪಾಳೆ ತಟ್ಟಿದೆ. ಅದೇ ಹೊತ್ತಿಗೆ ಕಾಕಾನ ಕೈಯಲ್ಲಿದ್ದ ಸಂಘದ ವಾಕಿಟಾಕಿ ಕೂಗಿತು: ಮಣಿಕರ್ಣಿಕೆಯ ಬಳಿ ದೋಣಿ ಮಗುಚಿದೆ. ಪೆಟ್ಟಿಗೆಯಲ್ಲಿ ಹಳದಿ ದೀಪವೇ ಉರಿಯುತ್ತಿತ್ತು. ಅಸ್ಸಿಗೆ ಕರೆ ಹೋಗಲೇ ಇಲ್ಲ.

ಬೂದಿ ಬಿಡಲು ಬಂದಿದ್ದ ಮುದುಕನೊಬ್ಬನನ್ನು ಚಿತೆಗೆ ಸೌದೆ ತರುವ ದೋಣಿಯವರು ಕೂದಲು ಹಿಡಿದು ಎಳೆದರು. ಅವನು ವಾಂತಿ ಮಾಡಿದ್ದನ್ನು ನಾನು ಘಾಟಿಗೆ ಓಡಿಹೋಗಿ ನೋಡಿದೆ, ಬರೀ ಕಪ್ಪು ನೀರು.

ನಾನು ಮಾಳಿಗೆಗೆ ಮರಳಿದಾಗ ಕಾಕಾ ಹಳದಿ ದೀಪ ತೋರಿಸಿ ಕೇಳುತ್ತಿದ್ದರು. ರಮೇಶ ನಕ್ಕ. "ಅರೇ ಕಾಕಾ, ಹತ್ತೇ ನಿಮಿಷ ಅವರ ಕರೆ ನಿಲ್ಲಿಸಿದ್ದೆ. ಸಾಹೇಬ್ರಿಗೆ ಸ್ಪೀಡ್ ತೋರಿಸ್ಬೇಕಿತ್ತು. ಬುಡ್ಢಾ ಬಚ್ ಗಯಾ ನಾ? ಬದುಕಿದ್ನಲ್ಲ ಮುದುಕ?"

"ಥೂ!" ಎಂದರು ಕಾಕಾ. "ಪಂಕ್ತಿ ಕುಂತಾಗ ಬಡಿಸೋ ಸೌಟಿಗೇ ಬಾಯಿ ಹಾಕಿದೆಲ್ಲೋ! ಎಂಜಲ ಮಾಡಿದಿ."

ಇಬ್ಬರ ವೇಗವೂ ಹೆಚ್ಚಿದೆ ಎಂಬ ಇಂಗ್ಲಿಷ್ ವರದಿಗೆ ರಮೇಶ ಬೆಳಿಗ್ಗೆಯೇ ಕಾಕಾನಿಂದ ಸಾಕ್ಷಿ ಸಹಿ ಹಾಕಿಸಿಕೊಂಡಿದ್ದ. ಇಂಗ್ಲಿಷ್ ಓದಲು ಬಾರದೆ ಕಾಕಾ ನಂಬಿ ಹಾಕಿದ್ದರು. ಆ ದಿನ ಅವರು ಎಲ್ಲರಿಗೂ ಬಡಿಸಿದರು, ತಾವು ಉಣ್ಣಲಿಲ್ಲ. ಸಹಿ ಹಾಕಿದ ಬಲಗೈಯನ್ನು ಮೂರು ಸಲ ಸೋಪು ಹಾಕಿ ತೊಳೆದರು.

ನಡೆದದ್ದನ್ನೆಲ್ಲ ಕಾಕಾ ಹೇಳಿದಂತೆಯೇ ಬೇರೆ ಹಾಳೆಯಲ್ಲಿ ಹಿಂದಿಯಲ್ಲಿ ಬರೆದಿದ್ದೇನೆ. ನಾಳೆ ಬೆಳಿಗ್ಗೆ ನಾವಿಕರ ಸಂಘಕ್ಕೆ ಹೋಗಿ ಅದನ್ನು ನಾನೇ ಓದಿ ಹೇಳುತ್ತೇನೆ.