ಕುಂಟಲಾರದ ಹವಾಲ್ದಾರರು
ಎಲೆಕ್ಟ್ರಾನಿಕ್ ಸಿಟಿಯ ಕಾರ್ಖಾನೆಯೊಂದರ ಗೇಟಿನಲ್ಲಿ ಸೆಕ್ಯುರಿಟಿಯಾಗಿರುವ ಮಾಜಿ ಹವಾಲ್ದಾರ್ ರೇವಣಸಿದ್ದಪ್ಪನವರು ಚಹಾವನ್ನೂ ನೆಟ್ಟಗೆ ನಿಂತೇ ಕುಡಿಯುತ್ತಾರೆ. ತಡವಾಗಿ ಬಂದ ಇಂಜಿನಿಯರರನ್ನು ಬೈಯದೆ, ಸೆಲ್ಯೂಟ್ ಹೊಡೆದೇ ನಾಚಿಸುತ್ತಾರೆ. ಸೈನ್ಯದಲ್ಲಿದ್ದಾಗ ಮುರಿದ ಬಲ ಮೊಣಕಾಲಿಗೆ ಮೂವತ್ತು ಪರ್ಸೆಂಟ್ ಅಂಗವೈಕಲ್ಯ ಬರೆದುಕೊಟ್ಟಿದ್ದ ವೈದ್ಯಕೀಯ ಬೋರ್ಡು, ಮರುಪರೀಕ್ಷೆಯಲ್ಲಿ ಅದನ್ನು ಹತ್ತಕ್ಕಿಳಿಸಿತು; ಅಂಗವೈಕಲ್ಯದ ಪಿಂಚಣಿ ನಿಂತುಹೋಯಿತು. ತಪ್ಪು ಇವರದೂ ಇತ್ತು. 'ನಡೆದು ತೋರಿಸಿ' ಎಂದ ಡಾಕ್ಟರ ಭುಜದ ಮೇಲೆ ಕರ್ನಲ್ ನಕ್ಷತ್ರ ಕಂಡದ್ದೇ ತಡ, ಎದೆಯುಬ್ಬಿಸಿ ಪರೇಡ್ ಮಾಡಿಬಿಟ್ಟಿದ್ದರು. ಮೇಲ್ಮನವಿ ಹಾಕಿ ಮೂರು ವರ್ಷವಾಯಿತು. ಕೇಳಿದವರಿಗೆಲ್ಲ "ಫೈಲು ಮಾರ್ಚ್ ಮಾಡಾಕತ್ತೈತ್ರಿ, ಬರ್ತೈತಿ" ಎಂದು ನಗುತ್ತಾರೆ. ಮೊನ್ನೆ, ಮತ್ತೆ ಪರೀಕ್ಷೆಗೆ ಬನ್ನಿ ಎಂದು ಬೋರ್ಡಿನ ಕಾಗದ ಬಂದೇ ಬಂತು. "ಈ ಸಲನಾರ ಒಂಚೂರು ಕುಂಟಿ ತೋರಸ್ರಿ" ಎಂದರು ಹೆಂಡತಿ ಸಿದ್ದಕ್ಕ. "ಸಾಹೇಬರ ಮುಂದ ಕುಂಟಾಕ ಆಕ್ಕೈತೇನ?" ಎನ್ನುತ್ತಾ ಇವರು ಪ್ಯಾಂಟಿಗೆ ಇಸ್ತ್ರಿ ಹಾಕತೊಡಗಿದರು. ಸಿದ್ದಕ್ಕ ತಾವು ಎತ್ತಿಟ್ಟಿದ್ದ ಗಂಡನ ಹಳೆಯ ಬೂಟುಗಳನ್ನು, ನಾಲ್ಕು ಜೋಡಿ, ಮಂಚದಡಿಯಿಂದ ಎಳೆದು ಬೋರಲಾಗಿಟ್ಟರು. ನಾಲ್ಕರಲ್ಲೂ ಬಲ ಬೂಟಿನ ಹಿಮ್ಮಡಿ ಒಂದೇ ಮಗ್ಗುಲಿಗೆ ಸವೆದು ಹೋಗಿತ್ತು. ಅವನ್ನು ಫೈಲಿನ ಜೊತೆ ಚೀಲಕ್ಕೆ ತುಂಬುತ್ತಾ ಹೇಳಿದರು: "ನೀವು ನೆಟ್ಟಗ ನಡೀರಿ. ಕುಂಟಿದ್ದನ್ನ ನಾ ತೋರಸ್ತೀನಿ."